ಜೊತೆಗೊಬ್ಬರು

ಕಣ್ಣು ಕಾಣುವುದಿಲ್ಲ ಎಂದು ಮನೆಯ ಹಿರಿಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಮೊದಲು ಅವರು ದೀಪವನ್ನು ದೂರುತ್ತಾರೆ. "ಈ ಬಲ್ಬ್ ಯಾಕೋ ಮಂದ ಆಗೇದ, ಬ್ಯಾರೆ ಹಾಕ್ರಿ" ಎನ್ನುತ್ತಾರೆ. ನಾವು ಹೊಸದು ತಂದು ಹಾಕುತ್ತೇವೆ. ಸ್ವಲ್ಪ ದಿನ ಬಿಟ್ಟು ಚಾಳೀಸು ಸರಿಯಿಲ್ಲ ಎನ್ನುತ್ತಾರೆ. ಅದನ್ನೂ ಒರೆಸಿ ಕೊಡುತ್ತೇವೆ. ಆಮೇಲೆ ಕಾಳು ಹಸನು ಮಾಡುವ ಕೆಲಸ ಸದ್ದಿಲ್ಲದೆ ಸೊಸೆಯ ಪಾಲಿಗೆ ಬರುತ್ತದೆ. ಸಂಜೆ ಗುಡಿಗೆ ಹೋಗುವುದು ನಿಲ್ಲುತ್ತದೆ. ಅಂಗಡಿಯವನು ಕೊಟ್ಟ ಚಿಲ್ಲರೆ ಎಣಿಸದೆ ಸೆರಗಿನ ಗಂಟು ಸೇರುತ್ತದೆ. ರೊಟ್ಟಿ ಮಾತ್ರ ಎಂದಿನಂತೆ ಬಡಿಯುತ್ತಿರುತ್ತಾರೆ. ರೊಟ್ಟಿಗೆ ಕಣ್ಣು ಬೇಕಿಲ್ಲ. ಎಷ್ಟು ಬಡಿಯಬೇಕೆಂಬುದು ಅಂಗೈಗೆ ಗೊತ್ತು, ಕಿವಿಗೂ ಗೊತ್ತು. ತಾಟಿಗೆ ಬಿಸಿ ರೊಟ್ಟಿ ಬೀಳುತ್ತಿರುವಷ್ಟು ದಿನ ಮನೆಮಂದಿಗೆ ಏನೂ ಕೆಟ್ಟಿಲ್ಲ ಅನ್ನಿಸುತ್ತದೆ. ಹೀಗೇ ವರ್ಷ ಎರಡು ವರ್ಷ ಸರಿದುಹೋಗುತ್ತದೆ.

ಇದು ಪೊರೆ. ನಮ್ಮ ಕಡೆ ಮೋತಿಬಿಂದು ಅಂತಲೂ ಕರೆಯುತ್ತಾರೆ. ಕಣ್ಣಿನ ಮೇಲೆ ಹೊರಗಿನಿಂದ ಒಂದು ಪದರು ಬೆಳೆದಿದೆ, ಡಾಕ್ಟರು ಅದನ್ನು ಕೆರೆದು ತೆಗೆಯುತ್ತಾರೆ ಎಂದು ತಿಳಿದವರು ಬಹಳ. ನಿಜ ಬೇರೆ. ಕಣ್ಣಿನ ಪಾಪೆಯ ಹಿಂದೆ, ಒಂದು ತೆಳುವಾದ ಚೀಲದೊಳಗೆ, ಹುಟ್ಟಿನಿಂದ ಬಂದ ಮಸೂರವೊಂದಿರುತ್ತದೆ. ಬೆಳಕನ್ನು ಕೂಡಿಸಿ ಹಿಂದಿನ ಅಕ್ಷಿಪಟಲದ ಮೇಲೆ ಬೀಳಿಸುವುದು ಅದರ ಕೆಲಸ. ವಯಸ್ಸಾದಂತೆ ಅದರೊಳಗಿನ ಪ್ರೋಟೀನು ಮಾರ್ಪಟ್ಟು ಮಸೂರ ಹಳದಿಯಾಗುತ್ತದೆ, ಮಂಜಾಗುತ್ತದೆ. ಸಕ್ಕರೆ ಕಾಯಿಲೆ, ಬೀಡಿ, ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್, ಕಣ್ಣಿಗೆ ಬಿದ್ದ ಪೆಟ್ಟು ಇವು ಅದನ್ನು ಬೇಗ ತರುತ್ತವೆ. ಯಾವ ಹನಿಯಿಂದಲೂ, ಯಾವ ಸೊಪ್ಪಿನ ರಸದಿಂದಲೂ ಇದು ಕರಗುವುದಿಲ್ಲ. ಕೆಟ್ಟ ಮಸೂರವನ್ನು ತೆಗೆಯುವುದೊಂದೇ ಉಪಾಯ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಐವತ್ತು ದಾಟಿದವರ ಅಂಧತ್ವದಲ್ಲಿ ನೂರಕ್ಕೆ 66ರಷ್ಟು ಈ ಪೊರೆಯಿಂದಲೇ ಬಂದದ್ದು. ಅಂದರೆ ಮೂರರಲ್ಲಿ ಇಬ್ಬರು ತಿರುಗಿ ನೋಡಬಲ್ಲವರು.

ಇದನ್ನು ತೆಗೆಯುವ ಪ್ರಯತ್ನ ಬಹಳ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಜವೆಗೋಧಿಯ ಮೊನೆಯುಳ್ಳ ಶಲಾಕೆಯಿಂದ ಕಣ್ಣೊಳಗಿನ ಮಂಜನ್ನು ಸರಿಸುವ ವಿಧಾನ ಹೇಳಿದೆ. ಮಸೂರ ಹೊರಗೆ ಬರುತ್ತಿರಲಿಲ್ಲ, ನೋಟದ ದಾರಿಯಿಂದ ಪಕ್ಕಕ್ಕೆ ಸರಿಯುತ್ತಿತ್ತು. ಚಾಲುಕ್ಯ ಅರಸ ಕೀರ್ತಿವರ್ಮನ ಕಾಲದಲ್ಲಿ, 578ರ ಸುಮಾರಿಗೆ, ಬಾದಾಮಿಯ ಮೂರನೆಯ ಗುಹೆಯಲ್ಲಿ ಉಳಿ ಹಿಡಿದು ಕೂತಿದ್ದ ಶಿಲ್ಪಿಗೆ ಮುಪ್ಪಿನಲ್ಲಿ ಕಣ್ಣು ಮಂಜಾಗಿದ್ದರೆ ಅವನ ಪಾಲಿಗೆ ಇದ್ದದ್ದು ಹೆಚ್ಚೆಂದರೆ ಆ ಶಲಾಕೆ. ಅದು ಫಲಿಸಿದರೆ ಬೆಳಕು, ಮನುಷ್ಯರ ಆಕಾರ, ನಡೆಯುವ ದಾರಿ ಕಂಡೀತು. ಕೆತ್ತನೆಯ ಸೂಕ್ಷ್ಮ ಮತ್ತೆ ಕಾಣುತ್ತಿರಲಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಯವರು ಈ ವಿಷಯ ಮಾತಾಡುವಾಗ ಬೀಳಗಿಯನ್ನು ನೆನೆಯದೆ ಮುಂದೆ ಹೋಗಬಾರದು. ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು 1916ರಲ್ಲಿ ಹುಟ್ಟಿದ್ದು ಅಲ್ಲಿ. ರೋಗಿ ಆಸ್ಪತ್ರೆಗೆ ಬರಲಿ ಎಂದು ಅವರು ಕಾಯಲಿಲ್ಲ. 1940ರ ದಶಕದಲ್ಲೇ ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸತೊಡಗಿದರು. ಶಾಲೆಯ ಕೋಣೆ, ಧರ್ಮಶಾಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಸಾಲಾಗಿ ಮಲಗಿದವರ ಕಣ್ಣಿನಿಂದ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ. ಜೀವಮಾನದಲ್ಲಿ ಮಾಡಿದ್ದು ಆರು ಲಕ್ಷಕ್ಕೂ ಹೆಚ್ಚು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಅವರು 2005ರಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವಯಸ್ಸಾದವರನ್ನು ಕೇಳಿ ನೋಡಿ, ಮೋದಿ ಡಾಕ್ಟರ ಶಿಬಿರದ ಮಾತು ತೆಗೆದರೆ ಅವರ ಮುಖವೇ ಬೇರೆಯಾಗುತ್ತದೆ.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಕೆಟ್ಟ ಮಸೂರ ಹೊರಗೆ ಬರುತ್ತಿತ್ತು, ಅದರ ಜಾಗ ಖಾಲಿ ಉಳಿಯುತ್ತಿತ್ತು. ಆ ಕೊರತೆಯನ್ನು ಹೊರಗಿನ ಕನ್ನಡಕ ತುಂಬಬೇಕಾಗಿತ್ತು. ಅದೇ ಸೋಡಾಬುಡ್ಡಿ ಚಾಳೀಸು. ನಡುವಯಸ್ಸು ದಾಟಿದ ಓದುಗರಿಗೆ ಅದರ ನೆನಪಿರುತ್ತದೆ: ದಪ್ಪ ಗಾಜು, ಅದರ ಹಿಂದೆ ದೊಡ್ಡದಾಗಿ ಕಾಣುವ ಅಜ್ಜನ ಕಣ್ಣು, ಕಿವಿಯ ಮೇಲೆ ಭಾರ ತಾಳದೆ ಕಟ್ಟಿದ ದಾರ. ಆ ಚಾಳೀಸಿನಲ್ಲಿ ಎಲ್ಲವೂ ಇರುವುದಕ್ಕಿಂತ ಕಾಲುಭಾಗ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಚಹಾದ ಕಪ್ಪು ಹಿಡಿಯಲು ಹೋದ ಕೈ ಅದರ ಈಚೆಗೇ ಗಾಳಿ ಹಿಡಿಯುತ್ತಿತ್ತು. ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಪಕ್ಕದಿಂದ ಬರುವ ಸೈಕಲ್ಲು ಗಾಜಿನ ಅಂಚಿನಲ್ಲಿ ಮಾಯವಾಗಿ ಒಮ್ಮೆಲೇ ಎದುರಿಗೆ ಬರುತ್ತಿತ್ತು. ಒಂದು ಕಣ್ಣಿಗಷ್ಟೇ ಆಪರೇಷನ್ ಆಗಿ ಇನ್ನೊಂದರಲ್ಲಿ ನೋಟ ಉಳಿದಿದ್ದರೆ ಎರಡು ಕಣ್ಣಿನ ಚಿತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ. ಕನ್ನಡಕ ಒಡೆಯಿತೋ, ಮತ್ತೆ ಕತ್ತಲೆ. ಎಷ್ಟೋ ಮನೆಗಳಲ್ಲಿ ಅಂಥ ಚಾಳೀಸು ಒಡೆದ ಮೇಲೆ ಹೊಸದು ಬರಲೇ ಇಲ್ಲ. ಆದರೂ ಆ ಪೀಳಿಗೆಯವರು ಅದನ್ನು ವರವೆಂದೇ ಎಣಿಸಿದರು. ಏನೂ ಕಾಣದವರಿಗೆ ಅದು ವರವೇ ಆಗಿತ್ತು.

ಖಾಲಿ ಬಿಟ್ಟ ಜಾಗಕ್ಕೆ ಹೊಸ ಮಸೂರ ಇಟ್ಟರಾಗದೇ ಎಂಬ ಯೋಚನೆ ಮೊಳೆತದ್ದು ಯುದ್ಧದ ಗಾಯದಿಂದ. 1940ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾಳಗ ನಡೆದಾಗ ಗಾರ್ಡನ್ ಕ್ಲೀವರ್ ಎಂಬ ಯುವ ಚಾಲಕನ ವಿಮಾನದ ಪಾರದರ್ಶಕ ಕವಚ ಸಿಡಿದು ಅದರ ಚೂರುಗಳು ಅವನ ಎರಡೂ ಕಣ್ಣಿಗೆ ಹೊಕ್ಕವು. ಕವಚ ಗಾಜಿನದಲ್ಲ, ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದು. ಇಂಥ ಗಾಯಾಳುಗಳ ಕಣ್ಣು ನೋಡಿದ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಒಂದು ಸಂಗತಿ ಗಮನಿಸಿದರು. ಬೇರೆ ವಸ್ತು ಕಣ್ಣೊಳಗೆ ಉಳಿದರೆ ಸಾಮಾನ್ಯವಾಗಿ ಕಣ್ಣು ಕೆಂಪಾಗಿ ಊದಿ ಕೆಡುತ್ತದೆ. ಈ ಪ್ಲಾಸ್ಟಿಕ್ ಚೂರು ಮಾತ್ರ ಒಂದೆಡೆ ನೆಲೆ ನಿಂತರೆ ವರ್ಷಗಟ್ಟಲೆ ಸುಮ್ಮನಿರುತ್ತಿತ್ತು, ಕಣ್ಣೂ ಅದನ್ನು ಸಹಿಸುತ್ತಿತ್ತು. ಮುಂದೊಂದು ದಿನ ಅವರು ಪೊರೆ ತೆಗೆಯುವುದನ್ನು ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ, ಹಳೆಯದನ್ನು ತೆಗೆದ ಮೇಲೆ ಹೊಸದು ಯಾಕೆ ಹಾಕುವುದಿಲ್ಲ ಎಂದು ಕೇಳಿದನಂತೆ. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿ 45 ವರ್ಷದ ಮಹಿಳೆಯೊಬ್ಬರ ಕಣ್ಣಿಗೆ ಪರ್ಸ್‌ಪೆಕ್ಸ್ ಮಸೂರ ಇಟ್ಟರು. ಅದರ ಪವರಿನ ಲೆಕ್ಕ ತಪ್ಪಿತ್ತು. ಆಕೆಗೆ ಹತ್ತಿರದ್ದಷ್ಟೇ ಕಂಡಿತು. ಆದರೆ ಕಣ್ಣು ಮಸೂರವನ್ನು ಒಪ್ಪಿಕೊಂಡಿತು, ಮುಖ್ಯ ಮಾತು ಅದು.

ಆಗಿನ ದೊಡ್ಡ ದೊಡ್ಡ ನೇತ್ರತಜ್ಞರೇ ರಿಡ್ಲಿಯವರನ್ನು ಖಂಡಿಸಿದರು. ಕಣ್ಣಿನಿಂದ ಹೊರವಸ್ತು ತೆಗೆಯಬೇಕಾದ ವೈದ್ಯ ತಾನೇ ಹೊರವಸ್ತು ಇಡುವುದೇ ಎಂದು ಕೇಳಿದರು. ಅವರ ಕೆಲಸಕ್ಕೆ ಮನ್ನಣೆ ಬರಲು ದಶಕಗಳೇ ಹಿಡಿದವು. 1990ರಲ್ಲಿ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿಯವರ ಸ್ವಂತ ಕಣ್ಣಿಗೂ ಇಂಥದೇ ಮಸೂರ ಬಂತು. ಸರ್ ಪದವಿ 2000ದಲ್ಲಿ ಬಂತು, ಮರುವರ್ಷ ಅವರು ತೀರಿಕೊಂಡರು.

ರಿಡ್ಲಿಯ ಕಥೆ ಓದುವಾಗ ನನಗೆ ಇಳಕಲ್ಲಿನ ಕಲ್ಲಿನ ಕ್ವಾರಿಗಳು ಕಣ್ಣ ಮುಂದೆ ಬರುತ್ತವೆ. ಇಳಕಲ್ಲ–ಹುನಗುಂದ ಸೀಮೆಯ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ. ಅದನ್ನು ಒಡೆಯುವಾಗ, ಕೊರೆಯುವಾಗ ಚೂರು ಸಿಡಿಯದ ದಿನವಿಲ್ಲ. ಕಲ್ಲಿನ ಚೂರು, ಅದಕ್ಕಿಂತ ಕೆಟ್ಟದ್ದು ಉಳಿಯ ತಲೆಯಿಂದ ಹಾರುವ ಕಬ್ಬಿಣದ ಚೂರು. ಪರ್ಸ್‌ಪೆಕ್ಸಿನ ಹಾಗೆ ಕಬ್ಬಿಣ ಕಣ್ಣೊಳಗೆ ಸುಮ್ಮನಿರುವುದಿಲ್ಲ. ತುಕ್ಕು ಹಿಡಿದು ಅಕ್ಷಿಪಟಲವನ್ನೇ ಕೊಲ್ಲುತ್ತದೆ. ಮಸೂರಕ್ಕೆ ಚೂರು ತಾಗಿದರೆ ಇಪ್ಪತ್ತೈದರ ಹುಡುಗನಿಗೂ ಪೊರೆ ಬರುತ್ತದೆ. ಆ ಪೊರೆ ತೆಗೆದು ಕೃತಕ ಮಸೂರ ಇಡಬಹುದು. ಒಳಗಿನ ಪಟಲ ಹರಿದಿದ್ದರೆ ಯಾವ ಮಸೂರವೂ ಅದನ್ನು ಸರಿಮಾಡದು. ಕಣ್ಣಿಗೆ ಹಾಕುವ ರಕ್ಷಣೆಯ ಕನ್ನಡಕಕ್ಕೆ ದೊಡ್ಡ ಖರ್ಚಿಲ್ಲ. ಬೆವರಿಗೆ ಮಂಜಾಗುತ್ತದೆ, ಕೆಲಸ ಸಾಗುವುದಿಲ್ಲ ಎಂದು ಹುಡುಗರು ಅದನ್ನು ತೆಗೆದಿಡುತ್ತಾರೆ. ಅವರ ತೊಂದರೆ ಸುಳ್ಳಲ್ಲ. ಆದರೂ ಕೆಲಸ ಕೊಡುವ ಯಜಮಾನರು ಊಟದ ಬಿಡುವಿನಷ್ಟೇ ಕಟ್ಟುನಿಟ್ಟಾಗಿ ಕನ್ನಡಕದ ಬಗ್ಗೆಯೂ ಇರಬೇಕು. ಮನೆಯಿಂದ ಬುತ್ತಿ ಕಟ್ಟಿ ಕಳಿಸುವ ತಾಯಂದಿರೂ ಒಂದು ಮಾತು ಹೇಳಬೇಕು.

ಇನ್ನು ಆ ಮಸೂರ ಬಡವರ ಕಣ್ಣಿಗೆ ಬಂದ ಬಗೆ. 1980ರ ದಶಕದಲ್ಲಿ ಹೊರದೇಶದಿಂದ ಬರುವ ಒಂದೊಂದು ಮಸೂರಕ್ಕೆ ನೂರು ಡಾಲರಿನ ಆಸುಪಾಸು ಬೆಲೆ ಇತ್ತು. ಶ್ರೀಮಂತರಿಗೆ ಮಸೂರ, ಬಡವರಿಗೆ ಸೋಡಾಬುಡ್ಡಿ ಎಂಬ ಎರಡು ಪಂಕ್ತಿ ಏರ್ಪಟ್ಟಿತ್ತು. ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರಿಗೆ ಈ ಪಂಕ್ತಿಭೇದ ಸರಿಬೀಳಲಿಲ್ಲ. ಆ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಹನ್ನೊಂದು ಹಾಸಿಗೆಯಿಂದ ಆರಂಭಿಸಿದ್ದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಕಣ್ಣುಗಳ ಶಸ್ತ್ರಚಿಕಿತ್ಸೆ ಮಾಡಿದವರು ಅವರು. 1992ರಲ್ಲಿ ಅದೇ ಬಳಗದವರು ಆರೋಲ್ಯಾಬ್ ಎಂಬ ಸಂಸ್ಥೆ ಕಟ್ಟಿ ಮದುರೆಯಲ್ಲೇ ಮಸೂರ ತಯಾರಿಸತೊಡಗಿದರು. ಬೆಲೆ ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು, ಮುಂದೆ ಇನ್ನೂ ಇಳಿಯಿತು. ಇಂದು ಅಲ್ಲಿಯ ಮಸೂರ ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಅಜ್ಜ-ಅಜ್ಜಿಯರ ಕಣ್ಣಿಗೆ ಹಣವಿಲ್ಲದೆ ಮಸೂರ ಸಿಗುತ್ತಿರುವುದರ ಹಿಂದೆ ಇಂಥವರ ಹಟ ಇದೆ.

ಮಸೂರವನ್ನು ಕೈಯಲ್ಲಿಟ್ಟು ನೋಡಿದರೆ ಇಷ್ಟಕ್ಕೇ ಇಷ್ಟೆಲ್ಲ ಆಯಿತೇ ಅನ್ನಿಸುತ್ತದೆ. ನಡುವಿನ ಪಾರದರ್ಶಕ ಭಾಗ ಆರು ಮಿಲಿಮೀಟರ್, ಒಂದು ತೊಗರಿಬೇಳೆಯಷ್ಟು. ಅದರ ಎರಡು ಬದಿಗೆ ಬಾಗಿದ ತೆಳು ಕಾಲುಗಳು. ಆ ಕಾಲುಗಳನ್ನೂರಿ ಅದು ಹಳೆಯ ಮಸೂರದ ಚೀಲದೊಳಗೇ ಕೂರುತ್ತದೆ, ಜೀವ ಇರುವವರೆಗೆ ಅಲ್ಲೇ ಇರುತ್ತದೆ. ಮಡಚುವ ಮಸೂರವಾದರೆ ಮೂರು ಮಿಲಿಮೀಟರಿಗೂ ಕಡಿಮೆ ಗಾಯ ಸಾಕು, ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಮಡಚದ ಮಸೂರಕ್ಕೆ ಸ್ವಲ್ಪ ದೊಡ್ಡ ಗಾಯ ಬೇಕು, ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ತೊಡಕಿಲ್ಲದ ಕಣ್ಣಾದರೆ ಕಾಲು ಗಂಟೆಯ ಕೆಲಸ. ಅಂದೋ ಮರುದಿನವೋ ಮನೆಗೆ ಬರಬಹುದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ನಮ್ಮೂರುಗಳಿಗೆ ಇದು ಬೇಕಾದ ಮಾತು. ಹುಟ್ಟಿನ ಮಸೂರ ಎಳೆವಯಸ್ಸಿನಲ್ಲಿ ಉಬ್ಬಿ ಇಳಿದು ದೂರದ್ದನ್ನೂ ಹತ್ತಿರದ್ದನ್ನೂ ತೋರಿಸುತ್ತದೆ. ಸಾಮಾನ್ಯ ಕೃತಕ ಮಸೂರ ಹಾಗೆ ಉಬ್ಬದು, ಇಳಿಯದು. ಅದು ಒಂದು ದೂರಕ್ಕೆ ಮಾತ್ರ ಹೊಂದುತ್ತದೆ. ಅದಕ್ಕೇ ಆಪರೇಷನ್ನಿಗೆ ಮುಂಚೆ ಯಂತ್ರದಲ್ಲಿ ಕಣ್ಣಿನ ಉದ್ದ, ಕಣ್ಣಿನ ಮುಂಭಾಗದ ಉಬ್ಬು ಅಳೆದು ಮಸೂರದ ಪವರ್ ಲೆಕ್ಕ ಹಾಕುತ್ತಾರೆ. ಏನೂ ಹೇಳದಿದ್ದರೆ ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸುತ್ತಾರೆ. ಹತ್ತಿರದ ಓದಿಗೆ ಕನ್ನಡಕ ಕೊಡುತ್ತಾರೆ. ಹೊಲಕ್ಕೆ ಹೋಗುವವರಿಗೆ, ಕುರಿ ಕಾಯುವವರಿಗೆ ಇದು ಸರಿ. ಆದರೆ ಇಳಕಲ್ಲಿನ ನೇಕಾರರನ್ನು ನೋಡಿ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಾಗ ಅವರ ಕಣ್ಣಿನಿಂದ ಎಳೆಗೆ ಇರುವ ದೂರ ಒಂದು ಮೊಳವೋ ಸ್ವಲ್ಪ ಹೆಚ್ಚೋ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಸೆರಗಿನಲ್ಲಿ ಅದು ಎದ್ದು ಕಾಣುತ್ತದೆ. ಗುಳೇದಗುಡ್ಡದಲ್ಲಿ ಖಣ ನೇಯುವವರಿಗೂ, ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಅಂಥವರು ಪರೀಕ್ಷೆಯ ದಿನವೇ, "ಸರ್, ನಂದು ಮಗ್ಗದ ಕೆಲಸ, ಇಷ್ಟು ದೂರದಾಗ ಎಳಿ ಕಾಣಬೇಕ್ರಿ" ಎಂದು ಕೈಯಿಂದ ಅಳತೆ ತೋರಿಸಿ ಹೇಳಬೇಕು. ಹೇಳಿದರೆ ಡಾಕ್ಟರು ಹತ್ತಿರದ ನೋಟಕ್ಕೆ ಮಸೂರ ಹೊಂದಿಸಿ ದೂರಕ್ಕೆ ಕನ್ನಡಕ ಕೊಡಬಹುದು, ಇಲ್ಲವೆ ಮಗ್ಗದ ದೂರಕ್ಕೇ ಒಂದು ಕನ್ನಡಕ ಬರೆಯಬಹುದು. ಒಳಗಿಟ್ಟ ಮಸೂರವನ್ನು ಆಮೇಲೆ ಬದಲಿಸುವುದು ಸುಲಭವಲ್ಲ. ಶಿಬಿರದ ಗದ್ದಲದಲ್ಲಿ ಡಾಕ್ಟರಿಗೆ ಕೇಳುವ ವ್ಯವಧಾನ ಇರದಿದ್ದರೆ ಜೊತೆಗೆ ಹೋದವರು ಕೇಳಿಸಬೇಕು.

ಬಣ್ಣದ ಮಾತೂ ಇದೆ. ಮುಪ್ಪಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತದೆ. ನೀಲಿ ಕಪ್ಪಾಗಿ ಕಾಣುತ್ತದೆ, ಬಿಳಿ ಮಾಸಿದಂತೆ ಕಾಣುತ್ತದೆ. ನಿಧಾನವಾಗಿ ಆಗುವುದರಿಂದ ಅವರಿಗೇ ತಿಳಿಯುವುದಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಆಪರೇಷನ್ ಮಾಡಿಸಿಕೊಂಡು ಬಂದು, ಪಟ್ಟಿ ಬಿಚ್ಚಿದ ಮೇಲೆ ಪಡಸಾಲೆಯಲ್ಲಿ ಕೂತು ಸುತ್ತ ನೋಡಿ ಸೊಸೆಯನ್ನು ಕೇಳಿದರು: "ಗ್ವಾಡಿಗೆ ಸುಣ್ಣ ಯಾವಾಗ ಹಚ್ಚಿದ್ರೆವ್ವಾ? ನನಗ ಹೇಳಲೇ ಇಲ್ಲಲ್ಲ." ಸುಣ್ಣ ಹಚ್ಚಿ ಮೂರು ದೀಪಾವಳಿ ಕಳೆದಿತ್ತು. ಆಮೇಲೆ ತಾವು ಉಟ್ಟ ಸೀರೆಯ ಸೆರಗು ಎತ್ತಿ ಬೆಳಕಿಗೆ ಹಿಡಿದರು. "ಇದು ಕರೀದಲ್ಲ, ನೀಲಿ! ಇಷ್ಟ್ ದಿನ ಕರೀ ಸೀರಿ ಅಂತ ಉಟ್ಟೀನಿ." ಮಧ್ಯಾಹ್ನದ ಹೊತ್ತಿಗೆ ಜಂತಿಯ ಮೂಲೆಯ ಜಾಡ, ಹಿಂಡಾಲ್ಯದ ತಳದ ಮಸಿ ಎಲ್ಲ ಅವರ ಕಣ್ಣಿಗೆ ಬಿದ್ದು ಮನೆಯವರಿಗೆ ಕೆಲಸ ಹತ್ತಿತು. ಸೊಸೆ ನಗುತ್ತಲೇ ಕಸಬರಿಗೆ ಹಿಡಿದರು. ಅತ್ತೆ ಮತ್ತೆ ಮನೆಯ ಯಜಮಾನಿಯಾದದ್ದು ಅವರಿಗೂ ಸಂತೋಷವೇ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಈಗ ಆಸ್ಪತ್ರೆಗಳಲ್ಲಿ ಮಸೂರದ ಪಟ್ಟಿಯನ್ನೇ ಮುಂದಿಡುತ್ತಾರೆ. ಹತ್ತಿರ-ದೂರ ಎರಡೂ ತೋರಿಸುವ ಬಹುನಾಭಿ ಮಸೂರಗಳಿವೆ, ಅವುಗಳ ಬೆಲೆ ಬಹಳ ಹೆಚ್ಚು. ಕನ್ನಡಕದ ಹಂಗು ಬೇಡ ಎನ್ನುವವರಿಗೆ, ಅನುಕೂಲ ಇದ್ದವರಿಗೆ ಅವು ಒಳ್ಳೆಯವೇ. ಆದರೆ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುವುದೂ ಉಂಟು. ಅಗ್ಗದ ಮಸೂರ ಹಾಕಿಸಿ ಅಪ್ಪನಿಗೆ ಅನ್ಯಾಯ ಮಾಡಿದೆನೇ ಎಂದು ಕೊರಗುವ ಮಕ್ಕಳನ್ನು ನೋಡಿದ್ದೇನೆ. ಕೊರಗಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಸಾದಾ ಮಸೂರವೂ ಕಳೆದ ನೋಟವನ್ನು ತಂದುಕೊಡುತ್ತದೆ. ಅದಕ್ಕಾಗಿ ಸಾಲ ಮಾಡುವುದು, ಬಂಗಾರ ಒತ್ತೆ ಇಡುವುದು ಬೇಡ. ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಹಿಂದಿನ ಪಟಲ, ನರ ಕೆಟ್ಟಿದ್ದರೆ ದುಬಾರಿ ಮಸೂರವೂ ಅದನ್ನು ಮರಳಿಸದು. ಇದನ್ನು ಡಾಕ್ಟರನ್ನು ಮೊದಲೇ ಕೇಳಿ ತಿಳಿದುಕೊಂಡರೆ ಆಮೇಲೆ ಯಾರ ಮೇಲೂ ಬೇಸರ ಬರುವುದಿಲ್ಲ.

ಹಾಗಾದರೆ ಮಸೂರ ಇದೆ, ಡಾಕ್ಟರು ಇದ್ದಾರೆ, ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ಆದರೂ ಕಟ್ಟೆಯ ಮೇಲೆ ಕಣ್ಣು ಮಂಜಾದವರು ಕೂತಿರುವುದು ಯಾಕೆ? ಅವರನ್ನೇ ಕೇಳಿದರೆ ಉತ್ತರ ಒಂದೊಂದಾಗಿ ಬರುತ್ತದೆ. "ಪೊರೆ ಇನ್ನಾ ಹಣ್ಣಾಗಿಲ್ರಿ." "ಬ್ಯಾಸಿಗ್ಯಾಗ ಬ್ಯಾಡ." "ಜೋಳದ ಸುಗ್ಗಿ ಮುಗೀಲಿ." "ಮೊಮ್ಮಗಳ ಮದಿವಿ ಆಗ್ಲಿ." ಪೊರೆ ಹಣ್ಣಾಗಲಿ ಎಂಬುದು ಸೋಡಾಬುಡ್ಡಿಯ ಕಾಲದ ಮಾತು, ಆಗ ಅದಕ್ಕೆ ಅರ್ಥವಿತ್ತು. ಈಗ ಕಾದಷ್ಟೂ ಮಸೂರ ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ, ತೀರ ಬಲಿತರೆ ಕಣ್ಣಿನ ಒತ್ತಡ ಏರಿ ನೋಟ ಪೂರ್ತಿ ಹೋಗಲೂಬಹುದು. ಬೇಸಿಗೆ, ಮಳೆಗಾಲ ಎಂಬ ಭೇದವೂ ಈಗಿಲ್ಲ. ಇನ್ನೂ ಸ್ವಲ್ಪ ಹೊತ್ತು ಅವರ ಪಕ್ಕ ಕೂತರೆ ನಿಜವಾದ ಕಾರಣ ಹೊರಬರುತ್ತದೆ: "ಯಾರ್ ಕರ್ಕೊಂಡು ಹೊಕ್ಕಾರ್ರಿ?" ಮಗ ಬೆಂಗಳೂರಲ್ಲಿ, ಇಲ್ಲವೆ ಮಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ. ಸೊಸೆಗೆ ಕೂಲಿ ಬಿಟ್ಟರೆ ಆ ದಿನದ ಪಗಾರ ಹೋಗುತ್ತದೆ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಹಿಂದೆ. ಮನೆಯಲ್ಲಿ ಗಂಡನ ಕಣ್ಣಿನ ಆಪರೇಷನ್ ಮೊದಲು, ಹೆಂಡತಿಯದು ಮುಂದಿನ ವರ್ಷ, ಆ ಮುಂದಿನ ವರ್ಷ ಬರುವುದೇ ಇಲ್ಲ. ಶಿಬಿರದಲ್ಲಿ ಈಗ ತಪಾಸಣೆ ಮಾತ್ರ ನಡೆಯುತ್ತದೆ, ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೇ ಹೋಗಬೇಕು. ಸೋಂಕಿನ ಭಯದಿಂದ ಮಾಡಿದ ಈ ನಿಯಮ ಸರಿಯಾದದ್ದೇ. ಅದರಿಂದಾಗಿ ಜೊತೆಯವರ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ.

ಕುಮಾರೇಶ್ವರ ಆಸ್ಪತ್ರೆಗೆ ಯಾರ ಹೆಸರಿದೆಯೋ ಆ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರ ಕಟ್ಟಿದವರು. ಹುಟ್ಟಿನಿಂದಲೇ ಕಣ್ಣಿಲ್ಲದ ಹಳ್ಳಿಯ ಬಾಲಕನೊಬ್ಬನ ಕಂಠ ಕೇಳಿ, ಅವನನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಯುವ ಏರ್ಪಾಡು ಮಾಡಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಗವಾಯಿಗಳು ಮುಂದೆ ತಾವೇ ಎಷ್ಟೋ ಅಂಧ ಮಕ್ಕಳಿಗೆ ಆಸರೆಯಾದರು. ಆ ಅಂಧತ್ವಕ್ಕೆ ಮದ್ದಿರಲಿಲ್ಲ. ಮದ್ದಿಲ್ಲದಿದ್ದರೂ ಕೈಹಿಡಿದು ನಡೆಸಿದ ಪರಂಪರೆ ನಮ್ಮ ಈ ಮಲಪ್ರಭೆಯ ದಂಡೆಯದು. ಮದ್ದಿರುವ ಕುರುಡನ್ನು ಸುಗ್ಗಿ, ಮದುವೆ ಎಂದು ಮುಂದೂಡುವುದು ಈ ನೆಲದ ಗೃಹಸ್ಥರಿಗೆ ಒಪ್ಪುವ ಮಾತಲ್ಲ. ಕೂಡಲಸಂಗಮ ಇರುವುದೂ ನಮ್ಮ ಹುನಗುಂದದ ಸೀಮೆಯಲ್ಲೇ. ಕಾಯಕ, ದಾಸೋಹ ಎಂಬ ಮಾತನ್ನು ನಾವು ಸಭೆಗಳಲ್ಲಿ ಬಹಳ ಆಡುತ್ತೇವೆ. ಹಿರಿಯರೊಬ್ಬರನ್ನು ಬಸ್ಸಿಗೆ ಹತ್ತಿಸಿ, ಬಾಗಲಕೋಟೆಯ ನವನಗರದಲ್ಲಿ ಇಳಿಸಿ, ಚೀಟಿ ಮಾಡಿಸಿ, ಅವರ ಸರದಿ ಬರುವವರೆಗೆ ಬೆಂಚಿನ ಮೇಲೆ ಕಾಯುವುದೂ ದಾಸೋಹವೇ.

ಜೊತೆಗೆ ಹೋದವರ ಕೆಲಸ ಅಂದಿಗೇ ಮುಗಿಯುವುದಿಲ್ಲ. ಸಕ್ಕರೆ, ಬಿಪಿ ಹಿಡಿತದಲ್ಲಿದೆಯೇ ಎಂದು ಮುಂಚೆಯೇ ತೋರಿಸಬೇಕು. ಗುಳಿಗೆಗಳ ಚೀಟಿ ಒಯ್ಯಬೇಕು. ಮನೆಗೆ ಬಂದ ಮೇಲೆ ನಾಲ್ಕರಿಂದ ಆರು ವಾರ ಕಣ್ಣಿಗೆ ಹನಿ ಹಾಕಬೇಕು, ಡಾಕ್ಟರು ಬರೆದಷ್ಟು ಸಲ, ಸೋಪಿನಿಂದ ಕೈ ತೊಳೆದುಕೊಂಡು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಗಡಿಯಾರ ನೋಡಿಕೊಂಡು ಮಾಡುತ್ತಾರೆ. ಡಾಕ್ಟರು ಹೇಳುವವರೆಗೆ ತಲೆಗೆ ನೀರು ಹಾಕಬಾರದು, ಒಲೆಯ ಹೊಗೆಯ ಮುಂದೆ ಕೂರಿಸಬಾರದು, ಕಣ್ಣು ಉಜ್ಜಲು ಬಿಡಬಾರದು. ನೋವು ಹೆಚ್ಚಾದರೆ, ಕೆಂಪೇರಿದರೆ, ಕಂಡದ್ದು ಮತ್ತೆ ಮಂಜಾದರೆ ನಾಳೆ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ತಿಂಗಳೋ ವರ್ಷವೋ ಆದ ಮೇಲೆ ಮಸೂರದ ಹಿಂದಿನ ಚೀಲ ಮಂಜಾಗುವುದುಂಟು. ಪೊರೆ ತಿರುಗಿ ಬಂತು ಎಂದು ಗಾಬರಿಯಾಗಬೇಕಿಲ್ಲ, ಲೇಸರ್‌ನಿಂದ ಕೆಲ ನಿಮಿಷಗಳಲ್ಲಿ ಅದನ್ನು ತೆರವು ಮಾಡುತ್ತಾರೆ. ಆಸ್ಪತ್ರೆಯವರು ಮಸೂರದ ವಿವರ ಇರುವ ಚೀಟಿಯೊಂದನ್ನು ಕೊಡುತ್ತಾರೆ. ಅದನ್ನು ಆಧಾರ್ ಕಾರ್ಡಿನ ಜೊತೆ ಜೋಪಾನವಾಗಿಡಿ.

ಈ ಭಾನುವಾರ ಹೀಗೆ ಮಾಡಿ. ಮನೆಯ ಹಿರಿಯರನ್ನು ಹಗಲಿನ ಬೆಳಕಿನಲ್ಲಿ ಅಂಗಳದಲ್ಲಿ ಕೂರಿಸಿ, ನೀವು ಇಪ್ಪತ್ತು ಅಡಿ ದೂರ ನಿಂತು ಬೆರಳು ತೋರಿಸಿ. ಒಂದು ಕಣ್ಣು ಮುಚ್ಚಿ ಎಣಿಸಲಿ, ಆಮೇಲೆ ಇನ್ನೊಂದು ಮುಚ್ಚಿ ಎಣಿಸಲಿ. ಎರಡೂ ಕಣ್ಣು ತೆರೆದು ಎಣಿಸಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಸ್ಥಿತಿಯನ್ನು ಮರೆಮಾಡುತ್ತದೆ. ತಡವರಿಸಿದರೆ ಮುಂದಿನ ತಪಾಸಣಾ ಶಿಬಿರ ಯಾವಾಗ, ಎಲ್ಲಿ ಎಂದು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ. ನಿಮ್ಮ ಮನೆಯವರ ಕಣ್ಣು ಚೆನ್ನಾಗಿದ್ದರೆ ಓಣಿಯಲ್ಲಿ ಮಕ್ಕಳು ದುಡಿಯಲು ದೂರ ಹೋಗಿ ಒಂಟಿಯಾಗಿರುವ ಹಿರಿಯರಿದ್ದಾರೆಯೇ ನೋಡಿ, ಅವರಿಗೂ ಬೆರಳು ತೋರಿಸಿ. ಕಾಣದಿದ್ದರೆ, ಒಂದು ದಿನ ರಜೆ ಹಾಕಿ ಅವರ ಜೊತೆ ಬಾಗಲಕೋಟೆಗೆ ನೀವೇ ಹೋಗಿಬನ್ನಿ.